ಬೂದಿ ಹಾಕುವ ಮುಂಚೆ ಮಣ್ಣನ್ನು ಕೇಳು

ತಾಯೀ,

ಕೇಳಿದ್ದಕ್ಕೆ ಮೊದಲು ಉತ್ತರ, ಉಳಿದ ಮಾತು ಆಮೇಲೆ. ದಾವಣಗೆರೆ ವಿದ್ಯಾನಗರದ ಮನೆಯ ತಾರಸಿ ಮೇಲೆ ನೀನು ಸಾಲಾಗಿ ಇಟ್ಟಿರುವ ಮೂವತ್ತು ಕುಂಡಗಳಿಗೆ ಸೌದೆ ಬೂದಿ ಬೇಕಾಗಿಲ್ಲ. ಬೆಣ್ಣೆದೋಸೆ ಹೋಟೆಲಿನವರು ಕೊಟ್ಟರು ಅಂತ ಒಂದು ಸಿಮೆಂಟ್ ಚೀಲದ ತುಂಬ ತಂದಿಟ್ಟುಕೊಂಡಿದ್ದೀಯಂತೆ. ಅದನ್ನು ಮಳೆ ತಾಗದ ಕಡೆ ತಗಡಿನ ಡಬ್ಬಕ್ಕೆ ಹಾಕಿ ಮುಚ್ಚಿಡು. ಯಾವ ಗಿಡದ ಬುಡಕ್ಕೂ ಸುರಿಯಬೇಡ. ಹರಿಹರದಿಂದ ಅಜ್ಜ ಹೇಳುವುದು ಇಷ್ಟೇ. ಆದರೆ ನೀನು ‘ಯಾಕೆ’ ಅಂತ ಕೇಳದೆ ಬಿಡುವವಳಲ್ಲ, ಅದಕ್ಕೇ ಈ ಕಾಗದ ಉದ್ದವಾಗುತ್ತದೆ.

‘ಹಿಂದಿನವರು ಬೂದಿ ಹಾಕಿಯೇ ಬೆಳೆ ತೆಗೀತಿದ್ರಲ್ಲಾ ಅಜ್ಜಾ’ ಅಂದೆ. ಹಾಕುತ್ತಿದ್ದರು, ಸುಳ್ಳಲ್ಲ. ಹೇಗೆ ಹಾಕುತ್ತಿದ್ದರು ಅನ್ನುವುದನ್ನು ಮಾತ್ರ ನಿನ್ನ ಫೋನಿನೊಳಗಿನ ವಿಡಿಯೋದವರು ಹೇಳುವುದಿಲ್ಲ. ಬೆಳಿಗ್ಗೆ ಒಲೆಯಿಂದ ಬಳಿದ ಬೂದಿ ಮೊದಲು ಪಾತ್ರೆ ತಿಕ್ಕುವುದಕ್ಕೆ ಹೋಗುತ್ತಿತ್ತು. ಉಳಿದದ್ದು ತಿಪ್ಪೆಗೆ. ತಿಪ್ಪೆಯಲ್ಲಿ ಸಗಣಿ, ದನ ತಿಂದು ಬಿಟ್ಟ ಸಪ್ಪೆ, ಕಸಕಡ್ಡಿ, ಮನೆ ಗುಡಿಸಿದ ಮಣ್ಣು ಎಲ್ಲದರ ಜೊತೆ ಸೇರಿ ಕೊಳೆಯುತ್ತಿತ್ತು. ಯುಗಾದಿ ಕಳೆದ ಮೇಲೆ ಚಕ್ಕಡಿ ಏರಿ ಹೊಲ ಸೇರುತ್ತಿತ್ತು.

ಒಂದು ಲೆಕ್ಕ ಹಾಕು. ಒಣ ಸೌದೆ ಸುಟ್ಟರೆ ಉಳಿಯುವ ಬೂದಿ ತೂಕದಲ್ಲಿ ನೂರಕ್ಕೆ ಒಂದು, ತೊಗಟೆ ಕಡ್ಡಿಗಳೇ ಹೆಚ್ಚಿದ್ದರೆ ಎರಡು. ದಿನಕ್ಕೆ ಐದು ಕಿಲೋ ಸೌದೆ ಉರಿಯುವ ಮನೆಯಲ್ಲಿ ವರ್ಷಕ್ಕೆ ಇಪ್ಪತ್ತರಿಂದ ಮೂವತ್ತು ಕಿಲೋ ಬೂದಿ ಆದರೆ ಹೆಚ್ಚು. ಅದು ಒಂದೇ ಎಕರೆಗೆ ಬಿತ್ತು ಅಂತ ಇಟ್ಟುಕೊಂಡರೂ ಒಂದು ಚದರ ಮೀಟರ್ ನೆಲಕ್ಕೆ ಐದರಿಂದ ಏಳು ಗ್ರಾಂ. ನಿನ್ನ ಮೂವತ್ತು ಕುಂಡಗಳ ಬಾಯಿ ಎಲ್ಲ ಸೇರಿಸಿದರೂ ಎರಡು ಚದರ ಮೀಟರ್ ಚಿಲ್ಲರೆ ಅಷ್ಟೇ. ಚೀಲದಲ್ಲಿರುವ ಇಪ್ಪತ್ತು ಕಿಲೋ ಅದಕ್ಕೆ ಸುರಿದರೆ ನಿನ್ನ ಮುತ್ತಜ್ಜಿ ಹೊಲಕ್ಕೆ ಕಳಿಸಿದ್ದರ ಸಾವಿರ ಪಟ್ಟು ದಾಟುತ್ತದೆ. ಹಿಂದಿನವರ ಹೆಸರು ಹೇಳುವಾಗ ಹಿಂದಿನವರ ಅಳತೆಯನ್ನೂ ತಗೋಬೇಕಲ್ಲವೇನವ್ವಾ?

ಈಗ ಬೂದಿಯೊಳಗೆ ಏನಿದೆ ಅಂತ ನೋಡೋಣ. ಮರ ನೆಲದಿಂದ ಹೀರಿಕೊಂಡದ್ದರಲ್ಲಿ ಸಾರಜನಕ ಪೂರ್ತಿ, ಗಂಧಕ ಬಹುಪಾಲು, ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಒಲೆಯಲ್ಲಿ ಉಳಿಯುವುದರಲ್ಲಿ ದೊಡ್ಡ ಪಾಲು ಸುಣ್ಣ. ಬೂದಿಯ ಕಾಲು ಭಾಗದಿಂದ ಹೆಚ್ಚುಕಡಿಮೆ ಅರ್ಧದವರೆಗೂ ಕ್ಯಾಲ್ಸಿಯಂ ಕಾರ್ಬೊನೇಟೇ ಇರುತ್ತದೆ. ಪೊಟ್ಯಾಷ್ ನೂರಕ್ಕೆ ಮೂರರಿಂದ ಏಳು, ರಂಜಕ ಒಂದೋ ಎರಡೋ. ಒಂದಿಷ್ಟು ಮೆಗ್ನೀಸಿಯಂ, ಚೂರು ಸತು, ತಾಮ್ರ, ಬೋರಾನ್. ನೀರಿಗೆ ಕಲಸಿ ಪಿಎಚ್ ಕಾಗದ ಅದ್ದಿದರೆ ಹತ್ತರಿಂದ ಹನ್ನೆರಡರ ತನಕ ತೋರಿಸುತ್ತದೆ. ಹಾಗಾಗಿ ಬೂದಿಯನ್ನು ಗೊಬ್ಬರ ಅನ್ನುವುದಕ್ಕಿಂತ ‘ಪೊಟ್ಯಾಷ್ ಬೆರೆತ ಸುಣ್ಣ’ ಅನ್ನುವುದೇ ಸರಿ. ಮಲ್ಲಿಗೆ ಬುಡಕ್ಕೆ ಒಂದು ಹಿಡಿ ಗೊಬ್ಬರ ಹಾಕು ಅಂದರೆ ನಿನ್ನ ಕೈ ಧಾರಾಳವಾಗುತ್ತದೆ. ಒಂದು ಹಿಡಿ ಸುಣ್ಣ ಹಾಕು ಅಂದರೆ ನಿಂತು ಯೋಚನೆ ಮಾಡುತ್ತೀಯ. ಬೂದಿ ಹಿಡಿದಾಗಲೂ ಹಾಗೇ ನಿಂತು ಯೋಚನೆ ಮಾಡು.

ಸುಣ್ಣ ಯಾವ ಮಣ್ಣಿಗೆ ಬೇಕು? ಹುಳಿ ಮಣ್ಣಿಗೆ. ಮಳೆ ಹೆಚ್ಚಾದ ಕಡೆ ನೆಲದ ಸುಣ್ಣ, ಪೊಟ್ಯಾಷ್ ಎರಡೂ ನೀರಿನ ಜೊತೆ ತೊಳೆದುಹೋಗಿ ಮಣ್ಣು ಹುಳಿಯಾಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ದಾವಣಗೆರೆ ಸೀಮೆಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಬೀಳುವುದಿಲ್ಲ. ತೀರ್ಥಹಳ್ಳಿ, ಸಾಗರ, ಪುತ್ತೂರು, ಕಾಸರಗೋಡಿನ ತೋಟದವರಿಗೆ ಬೂದಿ ಅಂದರೆ ಬಂಗಾರ. ತೆಂಗಿನ ಪಾತಿಗೆ ಹಾಕುತ್ತಾರೆ, ತರಕಾರಿ ಸಾಲಿಗೆ ಹಾಕುತ್ತಾರೆ. ಕರಾವಳಿಯಲ್ಲಿ ತರಗೆಲೆ ಕಸಕಡ್ಡಿಯನ್ನು ಮಣ್ಣಿನ ಜೊತೆ ಸುಟ್ಟು ‘ಸುಡುಮಣ್ಣು’ ಅಂತಲೇ ಮಾಡಿಟ್ಟುಕೊಳ್ಳುತ್ತಾರೆ. ಘಟ್ಟದ ಕಾಡಿನೊಳಗೆ ಕುಮರಿ ಬೇಸಾಯ ಮಾಡುತ್ತಿದ್ದವರು ಕಾಡು ಕಡಿದು ಸುಟ್ಟು ಆ ಬೂದಿಯ ಮೇಲೆಯೇ ರಾಗಿ ಚೆಲ್ಲುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಅದಕ್ಕೆ ಕಡಿವಾಣ ಹಾಕಿದರು. ಇಂಗ್ಲೆಂಡು, ಅಮೆರಿಕದ ತೋಟಗಾರರ ಪುಸ್ತಕದಲ್ಲಿ ಬೂದಿಗೆ ಒಳ್ಳೆ ಮಾತು ಸಿಗುವುದೂ ಅಲ್ಲಿ ಮಳೆ ತೊಳೆದ ಹುಳಿ ಮಣ್ಣು ಬಹಳ ಇರುವುದರಿಂದ. ಅವರೆಲ್ಲ ತಮ್ಮ ಮಣ್ಣಿಗೆ ಸರಿಯಾದ ಮಾತನ್ನೇ ಹೇಳಿದ್ದಾರೆ. ನೀನು ಆ ಮಾತನ್ನು ತಂದು ಎರೆ ಭೂಮಿಯ ಮೇಲೆ ಇಟ್ಟುಕೊಂಡಿದ್ದೀಯ, ತೊಂದರೆ ಬಂದದ್ದು ಅಲ್ಲಿ.

ದಾವಣಗೆರೆ ಹತ್ತಿ ಗಿರಣಿಗಳ ಊರಾದದ್ದು ಸುಮ್ಮನೆ ಅಲ್ಲ. ಸುತ್ತ ಹತ್ತಿ ಬೆಳೆಯುವ ಎರೆ ನೆಲ ಇತ್ತು, ಗಿರಣಿ ಬಂದವು. ಎರೆ ಅಂದರೆ ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಟ್ಟು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುವ ಮಣ್ಣು. ಅಗೆದರೆ ಸುಣ್ಣದ ಹರಳು ಸಿಗುತ್ತದೆ. ಪಿಎಚ್ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆ, ಅಂದರೆ ಆಗಲೇ ಸುಣ್ಣದ ಕಡೆಗೆ ವಾಲಿದ್ದು. ಪೊಟ್ಯಾಷೂ ಎರೆಯಲ್ಲಿ ಸಾಮಾನ್ಯವಾಗಿ ಸಾಕಷ್ಟು ಇರುತ್ತದೆ. ಕಡಿಮೆ ಇರುವುದು ಸಾರಜನಕ, ಸತು, ಸಾವಯವ ಅಂಶ. ಬೂದಿಯಲ್ಲಿ ಸಾರಜನಕ ಇಲ್ಲ, ಸಾವಯವ ಇಲ್ಲ, ಸತು ಲೆಕ್ಕಕ್ಕೆ ಸಿಗುವಷ್ಟಿಲ್ಲ. ಮಣ್ಣಿಗೆ ಬೇಕಾದ ಮೂರೂ ಇಲ್ಲ, ಬೇಡದ ಎರಡು ಧಂಡಿಯಾಗಿವೆ. ಉಂಡು ಎದ್ದವನ ಎಲೆಗೆ ಮತ್ತೆ ಅನ್ನ ಬಡಿಸಿದ ಹಾಗಾಯಿತು.

ಮಸಾರಿ ಮಣ್ಣಿನ ಮಾತು ಬೇರೆ. ಚನ್ನಗಿರಿ, ನ್ಯಾಮತಿ ಕಡೆ ಮಲೆನಾಡಿನ ಸೆರಗು ತಾಗುವಲ್ಲಿ ಕೆಂಪು ನೆಲ ಇದೆ, ಅಡಿಕೆ ಇದೆ. ಅಲ್ಲಿ ಪಿಎಚ್ ಆರೂವರೆಗಿಂತ ಕೆಳಗಿದ್ದರೆ ಬೂದಿ ಉಪಕಾರ ಮಾಡುತ್ತದೆ. ಇಲ್ಲಿ ಹರಿಹರದ ನಮ್ಮ ಹಿತ್ತಲಿಗೆ ಮನೆ ಕಟ್ಟುವಾಗ ಕೆಂಪು ಮಣ್ಣು ಹೊಡೆಸಿದ್ದೆ. ಅದನ್ನು ಪರೀಕ್ಷೆ ಮಾಡಿಸಿಯೇ ಬಾಳೆಗೆ ಒಂದಿಷ್ಟು ಬೂದಿ ಹಾಕುವುದು. ಬೇಲಿಯಾಚೆಗಿನ ಎರೆ ತುಂಡಿಗೆ ಹಾಕುವುದಿಲ್ಲ. ನೋಡು, ಒಂದೇ ಹಿತ್ತಲಲ್ಲೇ ಎರಡು ನ್ಯಾಯ. ಭದ್ರಾ ನಾಲೆಯ ಕೆಳಗೆ ನೀರು ನಿಂತು ಚೌಳಾದ ಗದ್ದೆಗಳಿವೆಯಲ್ಲ, ಅಲ್ಲಿಗಂತೂ ಬೂದಿ ಹತ್ತಿರ ಸುಳಿಯಬಾರದು. ನೆಲದ ಮೇಲೆ ಬಿಳಿ ಪೊರೆ ಕಟ್ಟಿದರೆ ಮೊದಲು ನೀರು ಬಸಿದುಹೋಗಲು ಬಸಿಗಾಲುವೆ, ಆಮೇಲೆ ಮಣ್ಣಿನ ವರದಿ ಹೇಳಿದರೆ ಜಿಪ್ಸಂ, ಜೊತೆಗೆ ಹಸಿರೆಲೆ ಗೊಬ್ಬರ. ಅಷ್ಟೇ ದಾರಿ.

ಇನ್ನು ನಿನ್ನ ಕುಂಡಗಳ ಸಂಗತಿ. ‘ನಾನು ಎರೆ ಮಣ್ಣೇ ಹಾಕಿಲ್ಲ ಅಜ್ಜಾ, ಕೋಕೋಪೀಟು, ಎರೆಹುಳು ಗೊಬ್ಬರ, ಕೆಂಪು ಮಣ್ಣು’ ಅನ್ನುತ್ತೀಯ. ಸರಿ. ತೆಂಗಿನ ನಾರಿನ ಪುಡಿಯಲ್ಲಿ ಪೊಟ್ಯಾಷ್ ಮೊದಲೇ ಇದೆ. ನೀರು ಯಾವುದು ಹಾಕುತ್ತೀ? ಕುಂದವಾಡ ಕೆರೆಯದೋ, ರಾಜನಹಳ್ಳಿಯಿಂದ ಎತ್ತಿ ಕಳಿಸುವ ತುಂಗಭದ್ರೆಯದೋ ನಲ್ಲಿಯಲ್ಲಿ ಬಂದ ದಿನ ಮೆದು ನೀರು. ಬಾರದ ದಿನ ಬೋರ್‌ವೆಲ್ ನೀರು. ಬೋರಿನ ನೀರು ಸ್ಟೀಲ್ ಪಾತ್ರೆಯಲ್ಲಿ ಬಿಡುವ ಬಿಳಿ ಪೊರೆ ನೋಡಿದ್ದೀಯಲ್ಲ, ಅದೇ ಸುಣ್ಣ ದಿನಾ ನಿನ್ನ ಕುಂಡಕ್ಕೂ ಇಳಿಯುತ್ತಿದೆ. ಕುಂಡದ ಹೊರಮೈ ಬೆಳ್ಳಗಾಗಿದ್ದರೆ ಅದೂ ಅದರದೇ ಗುರುತು. ಇದರ ಮೇಲೆ ಬೂದಿ ಬಿದ್ದರೆ ಏನಾಗುತ್ತದೆ ಅಂತ ಗುಲಾಬಿ, ದಾಸವಾಳ, ಮಲ್ಲಿಗೆ, ನಿಂಬೆ ಮೊದಲು ಹೇಳುತ್ತವೆ. ಹೊಸ ಚಿಗುರು ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಕ್ಷಾರ ಏರಿದಾಗ ಇದ್ದ ಕಬ್ಬಿಣವೇ ಬೇರಿಗೆ ಸಿಗದಂತೆ ಗಟ್ಟಿಯಾಗಿ ಕೂರುತ್ತದೆ. ಸತು, ಮ್ಯಾಂಗನೀಸೂ ಹಾಗೇ. ಎಲೆ ಹಳದಿಯಾಯಿತು, ಗೊಬ್ಬರ ಸಾಲದು ಅಂತ ಇನ್ನೊಂದು ಹಿಡಿ ಬೂದಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ರೋಗವೇ ಔಷಧಿಯ ವೇಷದಲ್ಲಿ ಬರುತ್ತದೆ ಅಂದರೆ ಇದೇ. ನಿನ್ನ ಗುಲಾಬಿಯ ಫೋಟೋದಲ್ಲಿ ನನಗೆ ಕಂಡದ್ದೂ ಆ ಹಳದಿಯೇ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿ, ಅರ್ಧ ನಿಂಬೆಹಣ್ಣಿನ ರಸ ಹಾಕಿ ಸಂಜೆ ಹೊತ್ತು ಎಲೆಗೆ ಸಿಂಪಡಿಸು. ವಾರ ಬಿಟ್ಟು ಇನ್ನೊಂದು ಸಲ. ಗೊಬ್ಬರದ ಅಂಗಡಿಯಲ್ಲಿ ಫೆರಸ್ ಸಲ್ಫೇಟ್ ಅಂದರೆ ಕೊಡುತ್ತಾರೆ.

ಬೂದಿಯನ್ನು ಇಷ್ಟು ಬೈದೆ ಅಂತ ಅದು ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡ. ಒಂದು ಕಾಲದಲ್ಲಿ ಲೋಕಕ್ಕೆಲ್ಲ ಪೊಟ್ಯಾಷ್ ಸಿಗುತ್ತಿದ್ದುದೇ ಬೂದಿಯಿಂದ. ಬೂದಿಗೆ ನೀರು ಸುರಿದು ಬಸಿದು, ಆ ನೀರನ್ನು ಬಾಣಲೆಯಲ್ಲಿ ಕುದಿಸಿ ಇಂಗಿಸಿದರೆ ತಳದಲ್ಲಿ ಉಪ್ಪು ನಿಲ್ಲುತ್ತಿತ್ತು. ಸಾಬೂನು, ಗಾಜು, ಬಟ್ಟೆ ಬಿಳುಪು ಎಲ್ಲಕ್ಕೂ ಅದೇ. 1790ರ ಜುಲೈ 31ರಂದು ಅಮೆರಿಕ ಸರ್ಕಾರ ಕೊಟ್ಟ ಮೊಟ್ಟಮೊದಲ ಪೇಟೆಂಟು ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ, ಬೂದಿಯಿಂದ ಪೊಟ್ಯಾಷ್ ತೆಗೆಯುವ ಹೊಸ ಬಗೆಗೆ. 1860ರ ದಶಕದಲ್ಲಿ ಜರ್ಮನಿಯ ಸ್ಟಾಸ್‌ಫರ್ಟಿನಲ್ಲಿ ನೆಲದಡಿಯ ಪೊಟ್ಯಾಷ್ ಉಪ್ಪು ಅಗೆದು ತೆಗೆಯಲು ಶುರುಮಾಡಿದ ಮೇಲೆ ಬೂದಿಯ ದರ್ಬಾರು ಮುಗಿಯಿತು. ನಮ್ಮ ದೇಶದಲ್ಲಿ ಹಾಗೆ ಅಗೆಯುವ ಗಣಿ ಇಲ್ಲ. ರೈತರು ಹಾಕುವ ಕೆಂಪು ಪೊಟ್ಯಾಷ್ ಕೆನಡಾ, ರಷ್ಯಾ, ಜೋರ್ಡಾನ್ ಮುಂತಾದ ಕಡೆಯಿಂದ ಹಡಗಿನಲ್ಲಿ ಬರಬೇಕು. ಆ ಪೊಟ್ಯಾಷ್ ನೂರಕ್ಕೆ ಅರವತ್ತು ಭಾಗ ಸತ್ವ. ಒಳ್ಳೆ ಸೌದೆ ಬೂದಿ ಐದು ಭಾಗ. ಹನ್ನೆರಡು ಕಿಲೋ ಬೂದಿ ಒಂದು ಕಿಲೋ ಪೊಟ್ಯಾಷಿಗೆ ಸಮ, ಆದರೆ ಆ ಹನ್ನೆರಡು ಕಿಲೋದ ಜೊತೆ ನಾಲ್ಕೈದು ಕಿಲೋ ಸುಣ್ಣವೂ ನೆಲಕ್ಕೆ ಇಳಿಯುತ್ತದೆ. ಪುಕ್ಕಟೆ ಸಿಕ್ಕಿತು ಅನ್ನುವ ಖುಷಿಯಲ್ಲಿ ಈ ಎರಡನೆಯ ಲೆಕ್ಕ ಮರೆತುಹೋಗುತ್ತದೆ. ಈಗ ಬೂದಿಯನ್ನು ಪ್ಯಾಕೆಟ್ ಮಾಡಿ ಆನ್‌ಲೈನಿನಲ್ಲಿ ಮಾರುವವರೂ ಇದ್ದಾರಂತೆ! ಮನೆಮನೆಗೆ ಗ್ಯಾಸ್ ಬಂದ ಮೇಲೆ ಬೂದಿಗೂ ಬೆಲೆ ಬಂತು ನೋಡು.

ಬೂದಿ ಅಂದರೆ ಎಲ್ಲವೂ ಒಂದೇ ಅಲ್ಲ. ನಮ್ಮೂರಲ್ಲಿ ಸಿಗುವ ಬೂದಿಗಳನ್ನು ಗುರುತು ಹಿಡಿಯುವುದನ್ನು ನೀನು ಕಲಿಯಬೇಕು. ದೋಸೆ ಹೋಟೆಲಿನದು ಬಹುಮಟ್ಟಿಗೆ ಶುದ್ಧ ಸೌದೆ ಬೂದಿ. ಬಳ್ಳಾರಿ ಜಾಲಿ, ಹುಣಸೆ, ನೀಲಗಿರಿ ಅಂಥ ಗಟ್ಟಿ ಸೌದೆ ಉರಿಸಿದ್ದು ಬೂದು ಬಣ್ಣಕ್ಕೆ ನುಣ್ಣಗೆ ಇರುತ್ತದೆ. ನೀನು ತಂದದ್ದು ಅದೇ ಆದರೆ ಜಾತಿ ಒಳ್ಳೆಯದು. ಜರಡಿ ಹಿಡಿದು ಇದ್ದಿಲು ಚೂರು ಬೇರೆ ತೆಗೆದಿಡು, ಅದು ನೀರು ಹಿಡಿದುಕೊಳ್ಳುತ್ತದೆ, ಕುಂಡದ ಮಣ್ಣಿಗೆ ಪುಡಿಮಾಡಿ ಬೆರೆಸಬಹುದು. ಹಳ್ಳಿಯಲ್ಲಿ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು ಸುಟ್ಟ ಬೂದಿ ಸಿಕ್ಕರೆ ಅದರಲ್ಲಿ ಪೊಟ್ಯಾಷ್ ಮರದ ಬೂದಿಗಿಂತ ಹೆಚ್ಚೇ ಇರುತ್ತದೆ. ಕುಳ್ಳಿನ ಬೂದಿಯಲ್ಲಿ ಮಣ್ಣು ಮರಳೇ ಜಾಸ್ತಿ, ಸತ್ವ ಕಡಿಮೆ.

ಇನ್ನೊಂದು ಕರಿ ಬೂದಿ, ಅಕ್ಕಿ ಗಿರಣಿಯದು. ಮಲೇಬೆನ್ನೂರು, ಹರಿಹರ, ದಾವಣಗೆರೆ ಎಲ್ಲ ಕಡೆ ಅಕ್ಕಿ ಗಿರಣಿಗಳು ಇವೆ. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋ ಹೊಟ್ಟು, ಆ ಹೊಟ್ಟು ಸುಟ್ಟರೆ ನಾಲ್ಕು ಕಿಲೋ ಬೂದಿ. ಸೌದೆಯ ನೂರಕ್ಕೆ ಒಂದು ಎಲ್ಲಿ, ಹೊಟ್ಟಿನ ನೂರಕ್ಕೆ ಇಪ್ಪತ್ತು ಎಲ್ಲಿ! ಯಾಕೆ ಅಂದರೆ ಭತ್ತದ ಸಿಪ್ಪೆ ತುಂಬ ಸಿಲಿಕಾ. ಹೊಟ್ಟಿನ ಬೂದಿಯ ನೂರರಲ್ಲಿ ಎಂಬತ್ತೈದಕ್ಕೂ ಹೆಚ್ಚು ಭಾಗ ಅದೇ, ಸುಣ್ಣ ಬಹಳ ಕಡಿಮೆ. ಹಾಗಾಗಿ ನಿನ್ನ ಕುಂಡದ ಮಣ್ಣು ಅಂಟಿಕೊಂಡು ಗಟ್ಟಿಯಾದರೆ ಸಡಿಲ ಮಾಡಲು ಇದು ಸೌದೆ ಬೂದಿಗಿಂತ ವಾಸಿ. ಹತ್ತು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಬಹುದು. ಗೊಬ್ಬರ ಅಂತ ಎಣಿಸಬೇಡ. ಬೆರೆಸುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಸಿಲಿಕಾ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಮೊದಲು ನೀರು ಚಿಮುಕಿಸಿ ಆಮೇಲೆ ಕೈ ಹಾಕಿದರೆ ಧೂಳೇ ಏಳುವುದಿಲ್ಲ.

ಮಂಡಕ್ಕಿ ಭಟ್ಟಿಯ ಬೂದಿ ಕೇಳಿಕೊಂಡು ಹೋಗುವುದಾದರೆ ಕಣ್ಣು ತೆರೆದು ಹೋಗು. ಹೊಟ್ಟು, ಸೌದೆ ಉರಿಯುವ ಭಟ್ಟಿ ಆದರೆ ಸರಿ. ಒಲೆಯ ಬಾಯಲ್ಲಿ ಟೈರಿನ ಚೂರು, ಪ್ಲಾಸ್ಟಿಕ್ ಕಂಡರೆ ಒಂದು ಹಿಡಿಯೂ ತರಬೇಡ. ಟೈರಿನಲ್ಲಿ ಸತುವಿನ ಆಕ್ಸೈಡು ಇರುತ್ತದೆ, ಅದರ ಜೊತೆ ಬೇರೆ ಲೋಹಗಳೂ ಇರುತ್ತವೆ. ಸತು ಬೇಕು ಅಂತ ಈಗಷ್ಟೇ ಹೇಳಿದೆ ನಿಜ, ಆದರೆ ಆ ದಾರಿಯಲ್ಲಿ ಅಲ್ಲ. ಪೇಂಟು ಬಳಿದ ಕಿಟಕಿ ಬಾಗಿಲು, ಪ್ಲೈವುಡ್ಡು, ಪ್ಯಾಕಿಂಗ್ ಹಲಗೆ ಸುಟ್ಟ ಬೂದಿಗೂ ಇದೇ ಮಾತು. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಸುಟ್ಟರೂ ಅದು ನಾಶವಾಗುವುದಿಲ್ಲ, ಬೂದಿಯಲ್ಲಿ ಕೂರುತ್ತದೆ. ಮೆಂತ್ಯ, ಪಾಲಕ್ ಬೆಳೆಯುವ ಕುಂಡಕ್ಕೆ ಅದು ಬಿದ್ದರೆ ತಿನ್ನುವವರು ನಾವೇ.

ಕಾಮನ ಹಬ್ಬದ ಬೂದಿಯ ಬಗ್ಗೆಯೂ ಹೇಳಿಬಿಡುತ್ತೇನೆ, ನಿನಗೆ ಸಿಟ್ಟು ಬಂದರೂ. ಹಿಂದೆ ಕಾಮ ಸುಟ್ಟ ಬೂದಿಯನ್ನು ಹಣೆಗೆ ಹಚ್ಚಿ, ಮನೆಗೂ ಒಂದಿಷ್ಟು ತರುತ್ತಿದ್ದರು. ಆಗ ಕಾಮನ ಗುಡ್ಡೆಗೆ ಬೀಳುತ್ತಿದ್ದದ್ದು ಕಳ್ಳತನ ಮಾಡಿದ ಕುಳ್ಳು, ಕಟ್ಟಿಗೆ. ಈಗ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ನೀವು ಹುಡುಗರು ಹೋಳಿ ಕುಣಿಯಿರಿ, ನನ್ನ ತಕರಾರಿಲ್ಲ. ಓಣಿಯ ಗುಡ್ಡೆಗೆ ಮುರಿದ ಪ್ಲಾಸ್ಟಿಕ್ ಕುರ್ಚಿ ಬಿದ್ದದ್ದು ಕಂಡರೆ ಮಾತ್ರ ಆ ಬೂದಿ ತೋಟಕ್ಕೆ ಬೇಡ. ಹಾಗೇ, ಎಲೆ ಕಸ ಸುಟ್ಟು ಬೂದಿ ಮಾಡಿಕೊಳ್ಳುವ ಯೋಚನೆಯೂ ಬೇಡ. ಬಯಲಲ್ಲಿ ಕಸ ಸುಟ್ಟರೆ ಐದು ಸಾವಿರ ದಂಡ ಅಂತ ರಾಷ್ಟ್ರೀಯ ಹಸಿರು ಪೀಠ 2016ರ ಡಿಸೆಂಬರಿನಲ್ಲೇ ಆದೇಶ ಮಾಡಿದೆ. ದಂಡದ ಮಾತು ಬಿಡು, ಎಲೆ ಕೊಳೆತರೆ ಸಾರಜನಕ ಮಣ್ಣಿಗೆ, ಸುಟ್ಟರೆ ಪಕ್ಕದ ಮನೆಯವರ ಮೂಗಿಗೆ.

ಹಾಗಾದರೆ ನಿನ್ನ ಚೀಲದ ಬೂದಿ ಏನು ಮಾಡುವುದು? ಮಣ್ಣಿಗೆ ಹಾಕದೆಯೂ ಬೂದಿಗೆ ಬೇಕಾದಷ್ಟು ಕೆಲಸ ಇದೆ. ನನಗೆ ಕೇಳಿದರೆ ಎರೆ ಸೀಮೆಯವರಿಗೆ ಬೂದಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ಮೊದಲನೆಯದು ಬೀಜ. ಅವರೆ, ಅಲಸಂದೆ, ಹೆಸರು ಬೀಜಕ್ಕೆ ನುಸಿ ಹುಳ ಬಿದ್ದು ತೂತಾಗುತ್ತದಲ್ಲ, ಚೆನ್ನಾಗಿ ಒಣಗಿಸಿದ ಬೀಜಕ್ಕೆ ಜರಡಿ ಹಿಡಿದ ತಣ್ಣನೆ ಬೂದಿಯನ್ನು ಸಂದುಗೊಂದು ತುಂಬುವಷ್ಟು ಬೆರೆಸಿ ಗಡಿಗೆಯಲ್ಲಿಡು, ಮೇಲೆ ಎರಡು ಬೆರಳು ದಪ್ಪ ಬೂದಿ ಹಾಸು. ಹುಳಕ್ಕೆ ಓಡಾಡಲು ಜಾಗ ಸಿಗುವುದಿಲ್ಲ. ಬೂದಿಯ ಕಣ ಅದರ ಮೈಮೇಲಿನ ಮೇಣದ ಪದರ ಗೀರಿ ತೆಗೆದು ಒಣಗಿಸಿ ಕೊಲ್ಲುತ್ತದೆ. ಇದರಲ್ಲಿ ವಿಷ ಏನೂ ಇಲ್ಲ, ಬಿತ್ತುವಾಗ ಕೇರಿದರೆ ಆಯಿತು. ನಿನ್ನ ಮುತ್ತಜ್ಜಿ ಸೌತೆ, ಹೀರೆ ಬೀಜವನ್ನು ಬೂದಿ ಸಗಣಿಯಲ್ಲಿ ಕಲಸಿ ಗೋಡೆಗೆ ಬೆರಣಿಯ ಹಾಗೆ ತಟ್ಟುತ್ತಿದ್ದದ್ದೂ ಇದೇ ಉಪಾಯ.

ಎರಡನೆಯದು ಎಲೆ. ಅವರೆ ಕುಡಿಗೆ ಕರಿ ಹೇನು ಮುತ್ತಿದಾಗ, ಕುಂಬಳ ಸೌತೆಯ ಎಳೆ ಎಲೆಯನ್ನು ಕೆಂಪು ದುಂಬಿ ತೂತು ಮಾಡುವಾಗ, ಬೆಳಗಿನ ಇಬ್ಬನಿ ಆರುವ ಮುಂಚೆ ತೆಳುವಾದ ಬಟ್ಟೆಯಲ್ಲಿ ಬೂದಿ ಕಟ್ಟಿ ಮೇಲಿಂದ ಕೊಡವು. ಎಲೆ ಬೆಳ್ಳಗಾಗುವಷ್ಟು ಅಲ್ಲ, ಮಬ್ಬು ಕವಿದಷ್ಟು. ಎರಡು ದಿನ ಬಿಟ್ಟು ನೀರಿನಿಂದ ತೊಳೆ, ಇಲ್ಲದಿದ್ದರೆ ಎಲೆಗೆ ಬಿಸಿಲೇ ತಾಗುವುದಿಲ್ಲ. ಆಷಾಢದ ಗಾಳಿಯಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡ, ಬೂದಿ ನಿನ್ನ ಕಣ್ಣಿಗೇ ಬೀಳುತ್ತದೆ. ಬಸವನಹುಳಕ್ಕೆ ಬುಡದ ಸುತ್ತ ಬೂದಿ ಗೆರೆ ಎಳೆಯುವುದೂ ಉಂಟು. ಒಣಗಿರುವ ತನಕ ಅದು ದಾಟುವುದಿಲ್ಲ, ಒಂದು ತುಂತುರು ಬಿದ್ದರೆ ಗೆರೆ ಸತ್ತಂತೆ. ಹಾಗಾಗಿ ಮಳೆಗಾಲದಲ್ಲಿ ಅದನ್ನು ನಂಬಿ ಕೂರಬೇಡ.

ಮೂರನೆಯದು ನಿನ್ನ ಅಡುಗೆಮನೆ ಕಸದ ಗೊಬ್ಬರದ ಡ್ರಮ್ಮು. ಹಣ್ಣಿನ ಸಿಪ್ಪೆ ಹೆಚ್ಚಾಗಿ ಹುಳಿ ವಾಸನೆ ಬಂದಾಗ ಒಂದು ಪದರಕ್ಕೆ ಒಂದು ಚಮಚದಷ್ಟು ಬೂದಿ ಉದುರಿಸು. ನೊಣ ಕಡಿಮೆಯಾಗುತ್ತದೆ, ಹುಳಿ ಮುರಿಯುತ್ತದೆ. ತಿಪ್ಪೆಯ ನ್ಯಾಯ ಇದೇ, ಡ್ರಮ್ಮಿಗೆ ಇಳಿದಿದೆ ಅಷ್ಟೇ. ಹೆಚ್ಚು ಹಾಕಿದೆಯೋ ಎರೆಹುಳು ಬದುಕುವುದಿಲ್ಲ.

ಕೂಡಿಸಬಾರದ ಜೋಡಿಗಳೂ ಇವೆ. ಯೂರಿಯಾ, ಡಿಎಪಿ, ಅಮೋನಿಯಂ ಸಲ್ಫೇಟ್, ಹಸಿ ಕೋಳಿ ಗೊಬ್ಬರ, ಗೋಮೂತ್ರ ಇವುಗಳ ಜೊತೆ ಬೂದಿ ಬೆರೆತರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ನೀವು ಹುಡುಗರು ಜೀವಾಮೃತದ ಪೀಪಾಯಿಗೆ ‘ಇನ್ನೂ ಶಕ್ತಿ ಬರಲಿ’ ಅಂತ ಬೂದಿ ಸೇರಿಸುತ್ತೀರಿ. ಮೂಗಿಗೆ ಘಾಟು ಹೊಡೆಯುತ್ತದಲ್ಲ, ಗಿಡಕ್ಕೆ ಸೇರಬೇಕಿದ್ದ ಸಾರಜನಕ ಆ ಘಾಟಾಗಿಯೇ ಹೋಗುತ್ತಿರುತ್ತದೆ. ಸೂಪರ್ ಫಾಸ್ಫೇಟ್ ಜೊತೆಗೂ ಬೇಡ, ರಂಜಕವನ್ನು ಸುಣ್ಣ ಹಿಡಿದು ಕಟ್ಟಿಹಾಕುತ್ತದೆ. ಇವೆರಡರ ನಡುವೆ ಒಂದು ತಿಂಗಳಾದರೂ ಅಂತರ ಇರಲಿ. ಬಿತ್ತಿದ ಮಡಿಗೆ, ಎಳೆ ಸಸಿಗೆ ಬೂದಿ ಹಾಕಬೇಡ, ಅದರ ಉಪ್ಪಿಗೆ ಮೊಳಕೆ ಸುಡುತ್ತದೆ. ಆಲೂಗಡ್ಡೆ ಮಡಿಗೂ ಬೇಡ, ಗಡ್ಡೆಯ ಮೈ ಕಜ್ಜಿ ಕಟ್ಟುತ್ತದೆ.

ಬೂದಿ ಮುಚ್ಚಿದ ಕೆಂಡ ಅಂತ ನಾವು ಮನುಷ್ಯರ ಬಗ್ಗೆ ಆಡಿಕೊಳ್ಳುತ್ತೇವೆ. ಒಲೆಯ ವಿಷಯದಲ್ಲಿ ಅದು ಅಕ್ಷರಶಃ ನಿಜ. ಬೂದಿಯೊಳಗೆ ಕೆಂಡ ಎರಡು ಮೂರು ದಿನ ಸಾಯದೆ ಇರುತ್ತದೆ. ಹೋಟೆಲಿನಿಂದ ತಂದ ದಿನ ಪ್ಲಾಸ್ಟಿಕ್ ಬಕೆಟ್ಟಿಗೋ ಕಸದ ಡಬ್ಬಿಗೋ ಹಾಕಿ ಮಲಗುವುದು ಅಪಾಯ. ತಗಡಿನ ಡಬ್ಬ ಅಂದದ್ದು ಅದಕ್ಕೇ. ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುವುದಾದರೆ ಬೂದಿ ತಣ್ಣಗಾಗಿದೆಯೇ ಅಂತ ಮಧ್ಯದೊಳಗೆ ಕಡ್ಡಿ ಚುಚ್ಚಿ ನೋಡು. ಒದ್ದೆ ಬೂದಿ ಕೈಗೆ ಹತ್ತಿದರೆ ಚರ್ಮ ಉರಿಯುತ್ತದೆ, ತೊಳೆದುಕೋ. ಮಳೆಗೆ ಬಿಟ್ಟ ಬೂದಿಯಲ್ಲಿ ಪೊಟ್ಯಾಷ್ ಮೊದಲು ಕರಗಿ ಹೋಗುತ್ತದೆ. ಉಳಿಯುವುದು ಬರೀ ಸುಣ್ಣ, ಅಂದರೆ ನಮ್ಮ ಸೀಮೆಗೆ ಬೇಡದ್ದೇ ಉಳಿಯಿತು.

ಈಗ ಮಣ್ಣನ್ನು ಕೇಳುವ ಬಗೆ. ಮನೆಯಲ್ಲೇ ಮಾಡುವುದಾದರೆ ಒಣ ಮಣ್ಣಿನ ಹೆಂಟೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡು. ನೊರೆ ಎದ್ದು ಚುರ್ ಅಂದರೆ ಅದರಲ್ಲಿ ಸುಣ್ಣ ಧಾರಾಳ ಇದೆ, ಬೂದಿಯ ಮಾತೇ ಇಲ್ಲ. ಸುಮ್ಮನಿದ್ದರೆ ಪಿಎಚ್ ಕಾಗದ ಹಿಡಿದು ನೋಡಬೇಕು. ಊರಿನ ಹೊಲದ ಮಣ್ಣಿಗಾದರೆ ಸರಿಯಾಗಿ ಪರೀಕ್ಷೆ ಮಾಡಿಸು. ದಾವಣಗೆರೆಯಲ್ಲೇ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಗಿ ವಿಚಾರಿಸು. ಹರಿಹರದಲ್ಲಿ ರೈತ ಸಂಪರ್ಕ ಕೇಂದ್ರದವರನ್ನು ನಾನು ಕೇಳುತ್ತೇನೆ. 2015ರಿಂದ ಮಣ್ಣು ಆರೋಗ್ಯ ಕಾರ್ಡು ಅಂತ ಕೊಡುತ್ತಾರಲ್ಲ, ಅದರಲ್ಲಿ ಹನ್ನೆರಡು ಅಂಶ ನೋಡುತ್ತಾರೆ. ಮಣ್ಣು ತೆಗೆಯುವಾಗ ಮರದ ಬುಡ, ಬದು, ತಿಪ್ಪೆ ಇದ್ದ ಜಾಗ ಬಿಡು. ಎಂಟು ಹತ್ತು ಕಡೆ ಒಂದು ಗೇಣಿಗಿಂತ ಕೊಂಚ ಕಡಿಮೆ ಆಳಕ್ಕೆ ಇಳಿಜಾರಾಗಿ ಗುಂಡಿ ತೋಡಿ, ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದೇ ಸಮ ಕೆರೆದು ಒಟ್ಟು ಮಾಡು. ಹರಡಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಡು, ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡು. ನೆರಳಲ್ಲಿ ಒಣಗಿಸು. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡ, ಚೀಲಕ್ಕೆ ಅಂಟಿದ ಗೊಬ್ಬರವೇ ವರದಿಯಲ್ಲಿ ಬರುತ್ತದೆ.

ವರದಿ ಬಂದ ಮೇಲೆ ಪಿಎಚ್ ಆರೂವರೆಗಿಂತ ಕೆಳಗಿದ್ದು, ಪೊಟ್ಯಾಷ್ ಎದುರಿಗೆ ‘ಕಡಿಮೆ’ ಅಂತ ಬರೆದಿದ್ದರೆ ಹತ್ತಡಿಗೆ ಹತ್ತಡಿಯ ಮಡಿಗೆ ವರ್ಷಕ್ಕೆ ಅರ್ಧ ಕಿಲೋ ಬೂದಿ ಹಾಕಿ ಮಣ್ಣಿನಲ್ಲಿ ಕಲಸು, ಬಿತ್ತುವುದಕ್ಕೆ ಮೂರು ವಾರ ಮುಂಚೆ.  ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಏಳು ದಾಟಿದ್ದರೆ ಕಾಂಪೋಸ್ಟು, ಹಿಂಡಿ, ಹಸಿರೆಲೆ. ಸತು, ಕಬ್ಬಿಣದ ಸಾಲನ್ನೂ ಓದದೆ ಬಿಡಬೇಡ, ನಮ್ಮ ಕಡೆಯ ಜನ ಸಾರಜನಕ ರಂಜಕ ನೋಡಿ ಕಾರ್ಡು ಮಡಿಚಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಂಕಿಗಳನ್ನು ಫೋಟೋ ತೆಗೆದು ಕಳಿಸು, ಕನ್ನಡಕ ಹಾಕಿಕೊಂಡು ನೋಡಿ ಸಂಜೆ ಫೋನ್ ಮಾಡುತ್ತೇನೆ.